ಅಂಬೆಗಾಲಿನಿಂದ ಅಕ್ಷರದವರೆಗೆ

ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಕೈಗೆ ಬಳಪ ಕೊಟ್ಟು ‘ಅ, ಆ’ ತಿದ್ದಿಸಲು ಹೊರಡುವ ತಂದೆತಾಯಿಗಳು ನಮ್ಮಲ್ಲಿ ಬಹಳ. ಶಾಲೆಯ ಪ್ರವೇಶದ ಚಿಂತೆ ಅವರನ್ನು ಅವಸರಪಡಿಸುತ್ತದೆ. ಮಗು ಬರೆಯದಿದ್ದರೆ ಅದಕ್ಕೆ ದಡ್ಡನೆಂಬ ಹೆಸರು ಬರುತ್ತದೆ. ಆದರೆ ಬರೆಯುವುದು ಬುದ್ಧಿಯೊಂದರ ಕೆಲಸವಲ್ಲ. ಭುಜ, ಮಣಿಕಟ್ಟು, ಬೆರಳುಗಳು ಸಿದ್ಧವಾದ ಮೇಲೆ ಆಗತಕ್ಕ ಕೆಲಸ.

ಈ ಸಿದ್ಧತೆಗೆ ಒಂದು ಕ್ರಮವುಂಟು. ಮೈಯ ಹತೋಟಿ ತಲೆಯಿಂದ ಕಾಲಿನ ಕಡೆಗೂ, ಭುಜದಿಂದ ಬೆರಳಿನ ತುದಿಗೂ ಇಳಿದು ಬರುತ್ತದೆ. ಮೊದಲು ಕತ್ತು ನಿಲ್ಲುತ್ತದೆ. ಆಮೇಲೆ ಮಗು ಮಗುಚಿಕೊಳ್ಳುತ್ತದೆ, ಕೂರುತ್ತದೆ, ನಿಲ್ಲುತ್ತದೆ. ಕೈಯೂ ಹಾಗೆಯೇ. ಮೊದಮೊದಲು ಅಂಗೈಯಿಂದ ಬಾಚಿ ಹಿಡಿಯುವ ಕೂಸು ಒಂಬತ್ತು ಹತ್ತು ತಿಂಗಳ ಸುಮಾರಿಗೆ ಹೆಬ್ಬೆರಳು, ತೋರುಬೆರಳುಗಳಿಂದ ಅನ್ನದ ಅಗುಳನ್ನು ಹೆಕ್ಕುತ್ತದೆ. ಮುಂದೆ ಬಳಪ ಹಿಡಿಯುವ ಶಕ್ತಿಯ ಮೊಳಕೆ ಇದೇ.

ಎಲ್ಲ ಮಕ್ಕಳೂ ಒಂದೇ ತಿಂಗಳಲ್ಲಿ ಇದನ್ನೆಲ್ಲ ಮಾಡಲಾರವು. ದೆಹಲಿಯ ಮಕ್ಕಳನ್ನೂ ಒಳಗೊಂಡು ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ. ತಾವಾಗಿ ನಡೆಯುವುದು 8ರಿಂದ 18 ತಿಂಗಳೊಳಗೆ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ನಡೆದುಬಿಡುತ್ತವೆ. ಆದುದರಿಂದ ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ಕೊರಗಬೇಕಾಗಿಲ್ಲ. ಆದರೆ 18 ತಿಂಗಳಾದರೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲು ತಡಮಾಡಬಾರದು.

ನಗರದ ಒಂದೇ ಕೋಣೆಯ ಮನೆಯಲ್ಲಿ, ಒಲೆ ನೀರುಗಳ ಭಯದಿಂದ, ಮಗುವನ್ನು ತೊಟ್ಟಿಲಿಗೋ ಕಂಕುಳಿಗೋ ಕಟ್ಟಿಹಾಕುವುದುಂಟು. ಭಯ ಸಹಜವೇ. ಆದರೂ ದಿನದಲ್ಲಿ ಕೆಲವು ಹೊತ್ತಾದರೂ ಒಲೆಯಿಂದ ದೂರದ ಮೂಲೆಯಲ್ಲಿ ಚಾಪೆ ಹಾಸಿ, ಒಬ್ಬರು ಜೊತೆಗಿದ್ದು, ಅದನ್ನು ನೆಲಕ್ಕೆ ಬಿಡಬೇಕು. ಹತ್ತಿರ ಯಾವುದು, ದೂರ ಯಾವುದು, ಬಿಟ್ಟ ಚಮಚ ಎಲ್ಲಿ ಬೀಳುತ್ತದೆ ಎಂಬುದನ್ನು ಮಗು ತೆವಳಿ, ಎಸೆದು, ಹುಡುಕಿಯೇ ಕಲಿಯುತ್ತದೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನವೆಲ್ಲ ಸೇರಿ ಮೂರು ಗಂಟೆಯಾದರೂ ಓಡಾಟ ಬೇಕೆಂದು ಅದೇ ಸಂಸ್ಥೆ 2019ರಲ್ಲಿ ತಿಳಿಸಿದೆ.

ಮರಿಯಾ ಮಾಂಟೆಸೊರಿ ಎಂಬ ವೈದ್ಯೆ 1907ರಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದದ್ದು ರೋಮ್ ನಗರದ ಕೂಲಿಕಾರರ ವಠಾರದಲ್ಲಿ. ಅಲ್ಲಿನ ಮಕ್ಕಳು ಗುಂಡಿ ಹಾಕಿ, ನೀರು ಸುರಿದು, ಗುಡಿಸಿ ಕೈಯನ್ನು ಪಳಗಿಸಿಕೊಂಡವು. ಉರುಟು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿದ ಮೇಲೆಯೇ ಬರೆದವು. ಆಕೆ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೂ ಈ ವಿಧಾನವನ್ನು ಕಲಿಸಿದರು. ನಮ್ಮ ಹಿರಿಯರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದುದರಲ್ಲಿಯೂ ಇದೇ ವಿವೇಕವಿತ್ತು. ಕನ್ನಡದ ದುಂಡು ಅಕ್ಷರಗಳಿಗೆ ಮಣಿಕಟ್ಟು ಸರಾಗವಾಗಿ ತಿರುಗಲೇಬೇಕಷ್ಟೆ.

ಇದಕ್ಕೆ ಖರ್ಚಿನ ಆಟಿಕೆ ಬೇಡ. ಮೂರು ದಾಟಿದ ಮಗುವಿಗೆ ಚಪಾತಿ ಹಿಟ್ಟಿನ ಉಂಡೆ, ಸುಲಿಯಲು ಅವರೆಕಾಯಿ, ಮಡಿಸಲು ಕರವಸ್ತ್ರ ಕೊಟ್ಟು ಬಳಿಯಲ್ಲಿ ಕುಳಿತಿರಿ. ಅದಕ್ಕಿಂತ ಚಿಕ್ಕವರ ಕೈಗೆ ಕಾಳು, ಮಣಿ ಸಿಗದಿರಲಿ; ಗಂಟಲಲ್ಲಿ ಸಿಕ್ಕಿಕೊಂಡಾವು. ಕೆಲಸದಿಂದ ರಾತ್ರಿ ಬರುವ ತಂದೆಯೂ ಭಾನುವಾರ ಅರ್ಧ ಗಂಟೆ ಮಗುವಿನೊಡನೆ ಚೆಂಡು ಉರುಳಿಸಬಹುದು. ಬಳಪಕ್ಕೆ ಕಾಲವಿದೆ, ಮೊದಲು ಕೈ ಕಲಿಯಲಿ.