ಮೆನು ಖಾಲಿಯಾದಾಗ

ಅಸೈನ್‌ಮೆಂಟ್ ಕೊಡೋಕೆ ಒಂದೇ ರಾತ್ರಿ ಬಾಕಿ. ಉಬುಂಟು ಲ್ಯಾಪ್‌ಟಾಪ್ ತೆರೆದರೆ ಮೆನುವಿನಲ್ಲಿ ಟರ್ಮಿನಲ್ ಇಲ್ಲ, ಸಾಫ್ಟ್‌ವೇರ್ ಅಪ್‌ಡೇಟರ್ ಇಲ್ಲ, ಸೆಟ್ಟಿಂಗ್ಸ್ ಕೂಡ ಇಲ್ಲ! ನನಗೆ ಹೀಗೇ ಆಗಿತ್ತು. ನಿಮಗೂ ಆದರೆ ಗಾಬರಿಯಿಂದ ಫಾರ್ಮ್ಯಾಟ್ ಮಾಡ್ಬೇಡಿ. ನಿಮ್ಮ ಫೈಲ್‌ಗಳು ಹೋಮ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತವೆ.

ತಪ್ಪು ನನ್ನದೇ. ಕ್ಲಾಸಿಗೆ ಬೇರೆ ಆವೃತ್ತಿಯ ಪೈಥಾನ್ ಬೇಕಿತ್ತು. ಹಳೆಯದು ಯಾಕೆ ಅಂತ ಪೈಥಾನ್ 3 ಅನ್ನು ಆಪ್ಟ್ ಮೂಲಕ ತೆಗೆದುಹಾಕಿದೆ. ಆದರೆ ಉಬುಂಟುವಿನ ಎಷ್ಟೋ ಆಡಳಿತ ಸಾಧನಗಳು ನಡೆಯೋದೇ ಅದರ ಮೇಲೆ. ಅಡಿಪಾಯ ಕಿತ್ತರೆ ಮನೆ ನಿಲ್ಲುತ್ತದೆಯೇ? ಏನೇನು ಹೋಗುತ್ತದೆ ಅನ್ನೋ ಪಟ್ಟಿಯನ್ನು ಆಪ್ಟ್ ಮೊದಲೇ ತೋರಿಸಿತ್ತು. ನಾನು ಓದದೆ ‘ವೈ’ ಒತ್ತಿದ್ದೆ.

ಸರಿಪಡಿಸೋದು ಹೀಗೆ:

1. ಕಂಟ್ರೋಲ್, ಆಲ್ಟ್, ಎಫ್3 ಕೀಗಳನ್ನು ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಲಾಗಿನ್ ಆಗಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣಿಸೋದಿಲ್ಲ, ಅದು ಸಹಜ.

2. ಇಂಟರ್‌ನೆಟ್ ಬೇಕು. ವೈ-ಫೈ ಸಿಗದಿದ್ದರೆ ನೆಟ್‌ವರ್ಕ್ ಕೇಬಲ್ ಹಾಕಿ.

3. ‘ಸುಡೋ ಆಪ್ಟ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ. ಮುಗಿದ ಮೇಲೆ ರೀಬೂಟ್ ಮಾಡಿ.

ಇನ್ನೂ ಏನಾದರೂ ಕಾಣದಿದ್ದರೆ ಆಪ್ಟ್‌ನ ಹಿಸ್ಟರಿ ಲಾಗ್ ನೋಡಿ. ತೆಗೆದುಹಾಕಿದ ಪ್ಯಾಕೇಜುಗಳೆಲ್ಲ ದಿನಾಂಕದ ಸಮೇತ ಅಲ್ಲಿರುತ್ತವೆ. ಬೇಕಾದ್ದನ್ನು ಮತ್ತೆ ಹಾಕಿಕೊಳ್ಳಿ.

ಮುಂದೆ ಬೇರೆ ಪೈಥಾನ್ ಬೇಕಾದರೆ, ಇರೋದನ್ನು ಮುಟ್ಟದೆ ಹೊಸದನ್ನು ಪಕ್ಕದಲ್ಲೇ ಇನ್‌ಸ್ಟಾಲ್ ಮಾಡಿ. ಕ್ಲಾಸಿನ ಲೈಬ್ರರಿಗಳಿಗೆ ವರ್ಚುವಲ್ ಎನ್ವಿರಾನ್‌ಮೆಂಟ್ ಬಳಸಿ. ಅವಸರ ಎಷ್ಟೇ ಇರಲಿ, ‘ವೈ’ ಒತ್ತೋ ಮುಂಚೆ ಆ ಪಟ್ಟಿ ಒಮ್ಮೆ ಓದಿ.