ಕೆಟ್ಟು ನಿಂತ ಹೈಬ್ರಿಡ್ ಕಾರು: ನ್ಯೂಟ್ರಲ್‌ಗೆ ತರುವ ಕ್ರಮ

ಹಳ್ಳಿಯ ರಸ್ತೆಯಲ್ಲಿ ಜೀಪು ಕೆಟ್ಟು ನಿಂತರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಗ್ಯಾರೇಜಿನವರೆಗೆ ಎಳೆಸುವುದು ಚಾಲಕರ ಹಳೆಯ ರೂಢಿ. ಹೈಬ್ರಿಡ್ ಕಾರಿಗೆ ಈ ರೂಢಿಯೇ ಅಪಾಯಕರ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್ ಮುಂತಾದವುಗಳ ಹೈಬ್ರಿಡ್ ಮಾದರಿಗಳನ್ನು ನಡೆಸುವವರು ಇದರ ಕಾರಣವನ್ನು ಅರಿತಿರುವುದು ಅವಶ್ಯಕ.

ಸಾಮಾನ್ಯ ಗೇರಿನ ವಾಹನದಲ್ಲಿ ನ್ಯೂಟ್ರಲ್ ಎಂದರೆ ಎಂಜಿನ್‌ಗೂ ಚಕ್ರಕ್ಕೂ ಇರುವ ಸಂಪರ್ಕ ತಪ್ಪಿದೆ ಎಂದರ್ಥ. ಈ ಹೈಬ್ರಿಡ್ ಕಾರುಗಳಲ್ಲಿ ಹಾಗಿಲ್ಲ. ವಿದ್ಯುತ್ ಮೋಟಾರು ಹಲ್ಲುಗಾಲಿಗಳ ಮೂಲಕ ಮುಂದಿನ ಚಕ್ರಗಳಿಗೆ ಸದಾ ಜೋಡಿಸಲ್ಪಟ್ಟಿರುತ್ತದೆ. 'ಎನ್' ಎಂಬುದು ಮೋಟಾರಿಗೆ ವಿದ್ಯುತ್ ಹರಿಸಬಾರದೆಂದು ಕಂಪ್ಯೂಟರಿಗೆ ನೀಡುವ ಸೂಚನೆ ಮಾತ್ರ. ಮುಂದಿನ ಚಕ್ರಗಳು ನೆಲದ ಮೇಲೆ ಉರುಳಿದಷ್ಟು ಹೊತ್ತೂ ಮೋಟಾರು ಸುತ್ತುತ್ತದೆ. ಅದರಲ್ಲಿ ಶಾಶ್ವತ ಅಯಸ್ಕಾಂತಗಳಿರುವುದರಿಂದ ಸೈಕಲ್ಲಿನ ಡೈನಮೋದಂತೆ ವಿದ್ಯುತ್ತು ಹುಟ್ಟುತ್ತದೆ. ದೋಷವಿರುವ ವಾಹನದಲ್ಲಿ ಇದರಿಂದ ಯಂತ್ರಭಾಗಗಳು ಹಾಳಾಗಬಹುದು, ಬೆಂಕಿಯೂ ಹೊತ್ತಿಕೊಳ್ಳಬಹುದು. ನ್ಯೂಟ್ರಲ್ ಇರುವುದು ಕಾರನ್ನು ಫ್ಲ್ಯಾಟ್‌ಬೆಡ್ ಟ್ರಕ್ಕಿನ ಮೇಲೆ ಉರುಳಿಸಿ ಏರಿಸುವುದಕ್ಕೆ, ರಸ್ತೆಯುದ್ದಕ್ಕೂ ಎಳೆಯುವುದಕ್ಕಲ್ಲ.

ಮೊದಲು ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡನ್ನು ಅಡ್ಡ ಕೊಡತಕ್ಕದ್ದು. ಘಟ್ಟದ ಇಳಿಜಾರಿನಲ್ಲಿ ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ. ಬಳಿಕ ಬ್ರೇಕ್ ತುಳಿಯದೆ ಪವರ್ ಗುಂಡಿಯನ್ನು ಒತ್ತಿ ಫಲಕದ ದೀಪಗಳು ಬೆಳಗುವಂತೆ ಮಾಡಬೇಕು. 'ರೆಡಿ' ದೀಪ ಹೊತ್ತಿರಬಾರದು. ಅನಂತರ ಬ್ರೇಕ್ ತುಳಿದು ಲಿವರನ್ನು 'ಎನ್'ಗೆ ತರಬೇಕು. ಕೈಬಿಟ್ಟೊಡನೆ ಮೊದಲಿನ ಸ್ಥಾನಕ್ಕೆ ಮರಳುವ ವಿದ್ಯುನ್ಮಾನ ಲಿವರಾದರೆ, ಫಲಕದಲ್ಲಿ 'ಎನ್' ಮೂಡುವವರೆಗೆ ಹಿಡಿದಿರಬೇಕು. ಇಂತಹ ಕಾರುಗಳಲ್ಲಿ ಪವರ್ ಆರಿಸಿದರೆ ಗೇರು ತಾನಾಗಿಯೇ 'ಪಿ'ಗೆ ಬೀಳುವುದುಂಟು. ಆದುದರಿಂದ ಕಾರು ಟ್ರಕ್ಕನ್ನೇರುವ ತನಕ ಆರಿಸಕೂಡದು. ಕೊನೆಯಲ್ಲಿ ಹ್ಯಾಂಡ್ ಬ್ರೇಕನ್ನು ಬಿಡಿಸಬೇಕು. ಎಂಜಿನ್ ನಿಂತಿರುವಾಗ ಸ್ಟಿಯರಿಂಗ್ ಬಿಗಿಯಾಗಬಹುದು, ಬ್ರೇಕಿಗೂ ಹೆಚ್ಚು ಬಲ ಬೇಕಾಗಬಹುದು.

ಫಲಕದಲ್ಲಿ ಬೆಳಕೇ ಬಾರದಿದ್ದರೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಇಳಿದಿರುವ ಸಂಭವ ಹೆಚ್ಚು. ದೊಡ್ಡ ಬ್ಯಾಟರಿಯಲ್ಲಿ ಎಷ್ಟೇ ಶಕ್ತಿಯಿದ್ದರೂ ಕಂಪ್ಯೂಟರನ್ನು ಎಚ್ಚರಿಸುವುದು ಈ ಚಿಕ್ಕದೇ. ಅದು ಎಂಜಿನ್ ತಿರುಗಿಸಬೇಕಾಗಿಲ್ಲವಾದ್ದರಿಂದ ಸಣ್ಣ ಬೂಸ್ಟರ್ ಸಾಕಾಗುತ್ತದೆ. ಅದನ್ನು ಜೋಡಿಸುವ ಸ್ಥಳ ಕಾರಿನ ಕೈಪಿಡಿಯಲ್ಲಿದೆ. ಹಳೆಯ ಬಗೆಯ ಲಿವರಿರುವ ಕೆಲವು ಕಾರುಗಳಲ್ಲಿ ಲಿವರಿನ ಪಕ್ಕದಲ್ಲಿರುವ ಬೀಗಮುಕ್ತಿ ಗುಂಡಿಯನ್ನು ಒತ್ತಿಯೂ 'ಪಿ'ಯಿಂದ ಹೊರಬರಬಹುದು. ಆದರೆ ವಿದ್ಯುತ್ ಹ್ಯಾಂಡ್ ಬ್ರೇಕ್ ಅದರಿಂದ ಬಿಡುವುದಿಲ್ಲ.

ಇದಾವುದೂ ಫಲಿಸದಿದ್ದರೂ, ಮುಂಚಕ್ರ ಚಾಲನೆಯ ಕಾರನ್ನು ಮುಂದಿನ ಚಕ್ರಗಳನ್ನು ಎತ್ತಿ ಸಾಗಿಸಲು ಸಾಧ್ಯವಿದೆ. ಆಗ ನ್ಯೂಟ್ರಲ್‌ನ ಹಂಗೇ ಇರದು. ಹಿಂದಿನ ಚಕ್ರಗಳ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಅಷ್ಟೆ. ಹಿಂಬದಿಯನ್ನೆತ್ತಿ ಮುಂದಿನ ಚಕ್ರಗಳ ಮೇಲೆ ಎಳೆಯುವುದು ಮಾತ್ರ ಸರ್ವಥಾ ಸಲ್ಲದು. ನಾಲ್ಕು ಚಕ್ರ ಚಾಲನೆಯ ಹೈಬ್ರಿಡ್ ಕಾರಾದರೆ ನಾಲ್ಕೂ ಚಕ್ರಗಳು ನೆಲದಿಂದ ಮೇಲಿರಬೇಕು.

ಅಪಘಾತಕ್ಕೀಡಾದ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಹೊರಬಂದಿದ್ದರೆ ಅಥವಾ ಹೊಗೆ ಕಂಡರೆ ನ್ಯೂಟ್ರಲ್‌ಗಾಗಿ ಯಾರೂ ಒಳಗೆ ಕೂರಕೂಡದು. ಎಲ್ಲರನ್ನೂ ದೂರ ಸರಿಸಿ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಕರೆ ಮಾಡತಕ್ಕದ್ದು.