ಒಂದೇ ಕೆಲಸಕ್ಕೆ ಎರಡು ಕೂಲಿ ಯಾಕೆ?



ಕಾಪು ಕಡೆಯ ಒಂದು ಸ್ವಸಹಾಯ ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ, ಸಾಲದ ಕಂತು ಎಲ್ಲ ಬರೆದು ಮುಗಿದ ಮೇಲೆ, "ಇಲ್ಲಿ ತೋಟದ ಕೆಲಸಕ್ಕೆ ದಿನಕ್ಕೆ ಎಷ್ಟು ಕೂಲಿ?" ಎಂದು ಕೇಳಿದೆ. "ಗಂಡಾಳಿಗಾ, ಹೆಣ್ಣಾಳಿಗಾ ಸಿಸ್ಟರ್?" ಎಂದು ಒಬ್ಬರು ತಿರುಗಿ ಕೇಳಿದರು. ಇನ್ನೊಬ್ಬರು, "ಅವರು ಗುಂಡಿ ತೋಡ್ತಾರೆ, ನಾವು ಮಣ್ಣು ಹೊರ್ತೇವೆ. ಮೊದಲಿಂದಲೂ ಹಾಗೇ ಉಂಟು" ಎಂದರು. ಇಬ್ಬರೂ ಬೆಳಿಗ್ಗೆ ಒಟ್ಟಿಗೇ ಹೋಗುತ್ತಾರೆ, ಸಂಜೆ ಒಟ್ಟಿಗೇ ಬರುತ್ತಾರೆ. ಕೈಗೆ ಬರುವ ದುಡ್ಡು ಮಾತ್ರ ಬೇರೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಸಲ ಇದನ್ನೇ ವಿವರಿಸೋಣ ಅಂತ ಅನಿಸಿತು.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದ 39ನೇ ವಿಧಿ ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಇರಬೇಕು ಎನ್ನುತ್ತದೆ. ಇದಕ್ಕಾಗಿ 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಈಗ ಅದರ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ಈ ಸಂಹಿತೆಯ 3ನೇ ಸೆಕ್ಷನ್ ಪ್ರಕಾರ ಒಬ್ಬನೇ ಮಾಲಕನ ಹತ್ತಿರ ಒಂದೇ ಕೆಲಸ ಅಥವಾ ಅದೇ ರೀತಿಯ ಕೆಲಸ ಮಾಡುವವರಿಗೆ ಗಂಡು ಹೆಣ್ಣು ಎಂದು ವೇತನದಲ್ಲಿ ಭೇದ ಮಾಡುವಂತಿಲ್ಲ. "ಅದೇ ರೀತಿಯ ಕೆಲಸ" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಕೆಲಸದ ಹೆಸರು ಬೇರೆ ಇದ್ದ ಮಾತ್ರಕ್ಕೆ ಕೂಲಿ ಬೇರೆ ಆಗಬೇಕಿಲ್ಲ. ಬೇಕಾದ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಮಟ್ಟದ್ದಾ ಎಂದು ನೋಡಬೇಕು. ಮಣ್ಣು ಹೊರುವುದು ಹಗುರ ಕೆಲಸ ಅಂತ ಹೇಳುವವರು ಒಂದು ದಿನ ಬುಟ್ಟಿ ಹೊತ್ತು ನೋಡಲಿ!

ಇನ್ನೊಂದು ವಿಷಯ, ಮನೆಯ ಗಂಡಸರಿಗೂ ಹೇಳಿ: ಸಮ ಮಾಡುವ ನೆಪದಲ್ಲಿ ಅವರ ಕೂಲಿ ಇಳಿಸುವಂತಿಲ್ಲ. ಹೆಂಗಸರದ್ದು ಏರಬೇಕು, ಅಷ್ಟೇ.

ಪಂಚಾಯತ್ ಕೆಲಸ ಕಲಿಸಿದ ಪಾಠ

ಉದ್ಯೋಗ ಖಾತರಿ ಯೋಜನೆ ನಮ್ಮ ಉಡುಪಿ ಜಿಲ್ಲೆಗೆ ಬಂದದ್ದು 2008ರ ಏಪ್ರಿಲ್‌ನಲ್ಲಿ. ಅದರಲ್ಲಿ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಎಂಬುದೇ ಇರಲಿಲ್ಲ. ಕೆಲಸ ಸಿಗುವವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರು ಇರಬೇಕೆಂಬ ನಿಯಮವೂ ಇತ್ತು. 2025-26ನೇ ಸಾಲಿಗೆ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ. ಹೊರಗೆ ಗಂಡಸರಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ, ಆದ್ದರಿಂದ ಅವರಿಗೆ ಇದರಲ್ಲಿ ಆಸಕ್ತಿ ಕಡಿಮೆ. ನಮ್ಮ ಅನೇಕ ಹೆಂಗಸರಿಗೆ ಮಾತ್ರ ತಮ್ಮ ಹೆಸರಿನ ಖಾತೆಗೆ ಬಂದ ಮೊದಲ ಕೂಲಿ ಅದು.

ಆದರೆ ಒಂದು ಎಚ್ಚರ. ಆ ದರ ಅಳತೆಯ ಮೇಲೆ ನಿಂತದ್ದು. ತೋಡಿದ ಮಣ್ಣಿನ ಅಳತೆ ಕಡಿಮೆ ಬಂದರೆ ಕೂಲಿಯೂ ಕಡಿಮೆ. ಆದ್ದರಿಂದ ಅಳತೆ ಮಾಡುವಾಗ ನಾವು ಅಲ್ಲಿ ನಿಂತು ನೋಡಬೇಕು, ಪುಸ್ತಕದಲ್ಲಿ ಏನು ಬರೆದರು ಎಂದು ಕೇಳಬೇಕು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಯೋಜನೆಯ ಬದಲಿಗೆ 125 ದಿನಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ನಿಮ್ಮ ಗ್ರಾಮದಲ್ಲಿ ಈಗ ಯಾವ ನಿಯಮ, ಯಾವ ದರ ಎಂದು ಪಿಡಿಒ ಹತ್ತಿರ ವಿಚಾರಿಸಿ. ಸರಕಾರದ ಕೆಲಸದಲ್ಲಿ ಇಷ್ಟು ವರ್ಷ ಸಮಾನ ಕೂಲಿ ಕೊಡಲು ಆಯಿತು ಎಂದಾದರೆ, ಹೊರಗಿನ ಕೆಲಸದಲ್ಲಿ ಆಗುವುದಿಲ್ಲ ಎಂದು ಯಾಕೆ ಹೇಳಬೇಕು?

ಬೀಡಿ ಮತ್ತು ಗೇರುಬೀಜ

ಕಾರ್ಕಳ, ಉಡುಪಿ ಕಡೆಯ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿಯಿಂದ. ಇಲ್ಲಿ ಗಂಡು ಹೆಣ್ಣು ಎಂಬ ಎರಡು ದರ ಕಾಣುವುದಿಲ್ಲ, ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯಲು ಕೂರುವವರು ಹೆಚ್ಚಾಗಿ ಹೆಂಗಸರೇ. ಅಲ್ಲಿ ತೂಕದ ಲೆಕ್ಕ. ಹೆಂಗಸರೇ ತುಂಬಿರುವ ಕೆಲಸಕ್ಕೆ ದರವೇ ಕಡಿಮೆ ಇದ್ದರೆ ಹೋಲಿಸಲು ಪಕ್ಕದಲ್ಲಿ ಗಂಡಸರು ಇರುವುದಿಲ್ಲ. ಆಗ ನಮಗೆ ಆಧಾರ ಕನಿಷ್ಠ ವೇತನ. ಸರಕಾರ ನಿಗದಿ ಮಾಡುವ ಈ ದರದಲ್ಲಿ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಹೊಸ ದರ ಎಷ್ಟೆಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿಯಿರಿ. ಬೀಡಿ ಕಟ್ಟುವವರು ಲಾಗ್ ಪುಸ್ತಕ ಮತ್ತು ಪಿಎಫ್ ಸ್ವಂತ ಹೆಸರಿನಲ್ಲೇ ಇರುವಂತೆ ನೋಡಿಕೊಳ್ಳಿ. ಇನ್ನೊಬ್ಬರ ಹೆಸರಿನಲ್ಲಿ ಕಟ್ಟಿದರೆ ವರ್ಷಗಟ್ಟಲೆ ದುಡಿದದ್ದಕ್ಕೆ ನಮ್ಮ ಕೈಯಲ್ಲಿ ದಾಖಲೆ ಉಳಿಯುವುದಿಲ್ಲ.

ಸಂಘದಲ್ಲಿ ನಾವು ಏನು ಮಾಡಬಹುದು?

1. ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಡಿ. ತಾರೀಕು, ಮಾಡಿದ ಕೆಲಸ, ಎಷ್ಟು ಗಂಟೆ, ಸಿಕ್ಕಿದ ಕೂಲಿ, ಜೊತೆಯಲ್ಲಿ ದುಡಿದ ಗಂಡಸರಿಗೆ ಸಿಕ್ಕಿದ ಕೂಲಿ: ಇಷ್ಟು ಬರೆಯಿರಿ. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷ ಅವಕಾಶ ಇದೆ. ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲಕನದ್ದು. ಆದರೂ ನಮ್ಮ ಬರಹ ನಮ್ಮ ಬಲ.

2. ಒಬ್ಬರೇ ಹೋಗಿ ಕೇಳಿದರೆ "ನಾಳೆಯಿಂದ ಬರುವುದು ಬೇಡ" ಎನ್ನಬಹುದು. ಆ ಹೆದರಿಕೆ ಸುಳ್ಳಲ್ಲ. ಆದ್ದರಿಂದ ಊರಿನ ಎಲ್ಲ ಸಂಘಗಳು ಒಟ್ಟು ಸೇರಿ ಒಂದೇ ದರ ಹೇಳಬೇಕು.

3. ಗ್ರಾಮಸಭೆಗೆ ಹೋಗಿ. 1987ರ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. 2010ರಿಂದ ಪಂಚಾಯತಿಯ ಅರ್ಧ ಸ್ಥಾನ ನಮ್ಮದು. ಕುರ್ಚಿ ಸಿಕ್ಕಿದೆ, ಇನ್ನು ಮಾತು ಬೇಕು. ಊರಿನ ಕೂಲಿಯ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ.

4. ಮಾತಿನಲ್ಲಿ ಮುಗಿಯದಿದ್ದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ವಕೀಲರ ನೆರವು ಉಚಿತ; ಆದಾಯ ಎಷ್ಟೇ ಇರಲಿ.

ಕೊನೆಗೆ ಒಂದು ಮಾತು. ನಮ್ಮ ಮನೆಯಲ್ಲೇ ನಾಟಿಗೆ, ಕೊಯ್ಲಿಗೆ ಆಳು ಕರೆಯುವಾಗ ಹೆಣ್ಣಾಳಿಗೆ ಎಷ್ಟು ಕೊಡುತ್ತೇವೆ? ಕಾಪುವಿನ ಆ ಸಭೆಯಲ್ಲಿ ಇದನ್ನು ಕೇಳಿದಾಗ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬ ಅಕ್ಕ, "ಬರುವ ಮಳೆಗಾಲದಿಂದ ನಾನು ಸಮ ಕೊಡ್ತೇನೆ ಸಿಸ್ಟರ್" ಎಂದರು. ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ನೀವೂ ಚರ್ಚಿಸಿ. ನಿಮ್ಮ ಊರಿನ ಎರಡು ಕೂಲಿಯನ್ನು ಸಂಘದ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಿರಿ. ಬರೆದು ನೋಡಿದ ಮೇಲೆ "ಮೊದಲಿಂದಲೂ ಹಾಗೇ" ಎಂದು ಹೇಳಲು ಬಾಯಿ ಬಾರದು.